ಚಳಿ ಮುಗಿಯಿತು, ಬೈಕ್ ಹೊರಗೆ ಬಂತು

ಪ್ರಶ್ನೆ: ಹಿಮ ಬೀಳುವ ನಾಲ್ಕು ತಿಂಗಳು ಬೈಕನ್ನು ಮುಚ್ಚಿಟ್ಟಿದ್ದೆ. ಮೊನ್ನೆ ಬಿಸಿಲು ಬಂತು, ಬಟನ್ ಒತ್ತಿದ ತಕ್ಷಣ ಸ್ಟಾರ್ಟ್ ಆಯಿತು. ಇನ್ನು ಹೊರಡಬಹುದು ಅಲ್ವಾ?

ಉತ್ತರ: ಸ್ವಲ್ಪ ತಡೆಯಿರಿ. ಸ್ಟಾರ್ಟ್ ಆಯಿತು ಅಂದರೆ ಬ್ಯಾಟರಿ ಚೆನ್ನಾಗಿದೆ ಅಂತ ಅಷ್ಟೇ. ಬ್ರೇಕ್ ಹಿಡಿದಾಗ ಬೈಕ್ ಸರಿಯಾಗಿ ನಿಲ್ಲುತ್ತದೆಯೇ ಅನ್ನುವುದು ಬೇರೆ ಮಾತು. ಮೊದಲು ಟೈರ್ ನೋಡಿ. ಸುಮ್ನೆ ನಿಂತ ಬೈಕಿನಲ್ಲೂ ಗಾಳಿ ಇಳಿಯುತ್ತದೆ, ಜೊತೆಗೆ ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಕಡಿಮೆಯಾದರೆ ಹೆಚ್ಚುಕಮ್ಮಿ 2 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಹೋಗುತ್ತದೆ. ಬೆರಳಿನಿಂದ ಒತ್ತಿದರೆ ಇದು ಗೊತ್ತಾಗುವುದಿಲ್ಲ. ಓಡಿಸುವ ಮೊದಲೇ, ಟೈರ್ ತಣ್ಣಗಿರುವಾಗ ಗೇಜ್ ಇಟ್ಟು ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 3218 ಅಂತಿದ್ದರೆ ಅದು 2018ರ 32ನೇ ವಾರದಲ್ಲಿ ತಯಾರಾದದ್ದು. ಸವೆದಿಲ್ಲದಿದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಆಮೇಲೆ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ಜೋರಾಗಿ ಬ್ರೇಕ್ ಹಿಡಿದು ಬಿಸಿಯಾದಾಗ ಆ ನೀರು ಆವಿಯಾಗಿ ಲಿವರ್ ಮೆತ್ತಗೆ ಒಳಗೆ ಹೋಗಿಬಿಡುತ್ತದೆ, ಬೈಕ್ ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ಬದಲಾಯಿಸಿ. ಚೈನ್, ಲೈಟು, ಹಾರ್ನ್ ನೋಡಲು ಐದು ನಿಮಿಷ ಸಾಕು.

ಪ್ರಶ್ನೆ: ಹದಿನೈದು ವರ್ಷದಿಂದ ಓಡಿಸುತ್ತಿದ್ದೇನೆ. ಆದರೂ ಕಳೆದ ವರ್ಷ ಮೊದಲ ದಿನವೇ ತಿರುವಿನಲ್ಲಿ ಜಾರಿ ಬಿದ್ದೆ. ಟೈರ್ ಹೊಸದು, ಸ್ಪೀಡೂ ಇರಲಿಲ್ಲ. ಯಾಕೆ ಹೀಗಾಯಿತು?

ಉತ್ತರ: ಬಿದ್ದದ್ದು ಕೇಳಿ ಬೇಜಾರಾಯಿತು, ನಾನೂ ಒಂದು ಸಲ ಹೀಗೇ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದೇನೆ. ಹಿಮದಲ್ಲಿ ವಾಹನ ಜಾರದಿರಲೆಂದು ರಸ್ತೆಗೆ ಹಾಕಿದ ಮರಳು ಮತ್ತು ಸಣ್ಣ ಜಲ್ಲಿ ಹಿಮ ಕರಗಿದ ಮೇಲೂ ಅಲ್ಲೇ ಉಳಿಯುತ್ತದೆ, ಅದರಲ್ಲೂ ತಿರುವಿನ ಅಂಚಿನಲ್ಲಿ, ವಾಹನದ ಚಕ್ರ ಓಡಾಡದ ಕಡೆ ಜಾಸ್ತಿ. ಹೊಸ ಗುಂಡಿಗಳೂ ಇರುತ್ತವೆ. ಬಿಸಿಲಿದ್ದರೂ ಬೆಳಗ್ಗೆ ಡಾಂಬರು ತಣ್ಣಗಿರುತ್ತದೆ, ಟೈರ್ ಬಿಸಿಯಾಗುವವರೆಗೆ ಹಿಡಿತ ಕಡಿಮೆ. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ: ನಾಲ್ಕು ತಿಂಗಳು ಬಿಟ್ಟರೆ ಹದಿನೈದು ವರ್ಷದ ಕೈಗೂ ತುಕ್ಕು ಹಿಡಿಯುತ್ತದೆ. ಖಾಲಿ ಜಾಗ ಹುಡುಕಿ ಒಂದು ಗಂಟೆ ಬ್ರೇಕ್ ಅಭ್ಯಾಸ ಮಾಡಿ. ಮುಂದಿನ ಬ್ರೇಕನ್ನು ಒಮ್ಮೆಲೇ ಕಿತ್ತು ಹಿಡಿಯದೆ, ಹಿಂಡುತ್ತಾ ಬಿಗಿ ಮಾಡಿ. 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡು ಯೋಚಿಸುವಷ್ಟರಲ್ಲಿ ಬೈಕ್ 16 ಮೀಟರ್ ದಾಟಿರುತ್ತದೆ, ಬ್ರೇಕ್ ಇನ್ನೂ ಶುರುವೇ ಆಗಿರುವುದಿಲ್ಲ.

ಪ್ರಶ್ನೆ: ಎದುರಿನಿಂದ ಬಂದ ಕಾರು ನನ್ನ ಮುಂದೆಯೇ ಅಡ್ಡ ತಿರುಗಿತು. ಕೂದಲೆಳೆಯಲ್ಲಿ ಉಳಿದೆ. ಕೇಳಿದರೆ "ನೋಡಲೇ ಇಲ್ಲ" ಅಂದರು. ಹಗಲು ಹೊತ್ತು, ಅದು ಹೇಗೆ ಸಾಧ್ಯ?

ಉತ್ತರ: ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಅಮೆರಿಕದಲ್ಲಿ ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಇನ್ನೊಂದು ವಾಹನವೂ ಸೇರಿದ್ದ ಅಪಘಾತಗಳಲ್ಲಿ ಮೂರರಲ್ಲಿ ಎರಡರಷ್ಟು ಕಡೆ ಆ ವಾಹನವೇ ಬೈಕಿನ ದಾರಿಗೆ ಅಡ್ಡ ಬಂದಿತ್ತು. ಮುಂದಿನಿಂದ ನೋಡಿದರೆ ಬೈಕ್ ತೆಳ್ಳಗಿನ ಒಂದು ಗೆರೆ. ನೇರವಾಗಿ ಬರುತ್ತಿದ್ದರೆ ತುಂಬಾ ಹತ್ತಿರ ಬರುವವರೆಗೂ ದೊಡ್ಡದಾದಂತೆ ಕಾಣುವುದೇ ಇಲ್ಲ, ವೇಗವೂ ಅಂದಾಜಿಗೆ ಸಿಗುವುದಿಲ್ಲ. ಚಳಿಗಾಲವಿಡೀ ಬೈಕೇ ಕಾಣದ ಕಣ್ಣು ಅದನ್ನು ಹುಡುಕುವುದೂ ಇಲ್ಲ. ಹಾಗಾಗಿ ಕೂಡುರಸ್ತೆಗೆ ಮೊದಲೇ ವೇಗ ಇಳಿಸಿ, ಎರಡು ಬೆರಳು ಬ್ರೇಕ್ ಮೇಲಿರಲಿ, ನಿಮ್ಮ ಲೇನಿನೊಳಗೇ ನಿಧಾನವಾಗಿ ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಆ ಅಡ್ಡ ಚಲನೆ ಬೇಗ ಕಣ್ಣಿಗೆ ಬೀಳುತ್ತದೆ. ಚಾಲಕರ ಮುಖ ನಿಮ್ಮ ಕಡೆ ಇದ್ದ ಮಾತ್ರಕ್ಕೆ ನಿಮ್ಮನ್ನು ನೋಡಿದ್ದಾರೆ ಅಂತ ನಂಬಬೇಡಿ, ಕಾರಿನ ಮುಂದಿನ ಚಕ್ರ ನೋಡಿ. ಚಕ್ರ ಉರುಳಲು ಶುರುವಾದರೆ ಕಾರು ಬರುತ್ತಿದೆ ಅಂತಲೇ ಲೆಕ್ಕ.

ಪ್ರಶ್ನೆ: ಹೊರಗೆ ಬಿಸಿಲಿದೆ. ದಪ್ಪ ಜಾಕೆಟ್, ಗ್ಲೌಸ್ ಇನ್ನೂ ಬೇಕಾ?

ಉತ್ತರ: ಬೇಕು. ನಿಂತಾಗ ಬೆಚ್ಚಗಿದ್ದರೂ ಓಡುವಾಗ ಗಾಳಿ ಕೊರೆಯುತ್ತದೆ, ಮರಗಟ್ಟಿದ ಬೆರಳು ಬ್ರೇಕನ್ನು ತಡವಾಗಿ ಹಿಡಿಯುತ್ತದೆ. ಹೆಲ್ಮೆಟ್ ಹಿಂದೆ ಒಮ್ಮೆ ಜೋರಾಗಿ ಪೆಟ್ಟು ತಿಂದಿದ್ದರೆ, ಹೊರಗೆ ಚೆನ್ನಾಗಿ ಕಂಡರೂ, ಈ ಸಲ ಹೊಸದು ತೆಗೆದುಕೊಳ್ಳಿ.