ಚೀಟಿಯಲ್ಲಿ ಆರು ವಾರ, ಹೊಟ್ಟೆಯಲ್ಲಿ ನಾಲ್ಕೇ ವಾರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬಸಿರಿನ ಬಗ್ಗೆಯೇ ಇದ್ದವು. ಎಲ್ಲವನ್ನೂ ಓದಿದ್ದೇನೆ. ಜಾಗ ಇರುವಷ್ಟಕ್ಕೆ ಉತ್ತರ ಬರೆದಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ನನ್ನ ಗಂಡ ಕುವೈತ್‌ನಲ್ಲಿದ್ದಾರೆ. ಜೂನ್ 13ಕ್ಕೆ ರಜೆ ಮೇಲೆ ಊರಿಗೆ ಬಂದರು. ಮುಟ್ಟು ನಿಂತಿತು ಅಂತ ಜುಲೈ 13ಕ್ಕೆ ಡಾಕ್ಟರ ಹತ್ತಿರ ಹೋದೆ. ಸ್ಕ್ಯಾನ್ ಮಾಡಿ ಚೀಟಿಯಲ್ಲಿ ಆರು ವಾರ ಅಂತ ಬರೆದರು. ಗಂಡ ಬಂದು ಒಂದೇ ತಿಂಗಳು ಆಗಿರೋದು. ಅತ್ತೆ ಆ ಚೀಟಿ ಓದಿಸಿಕೊಂಡಾಗಿನಿಂದ ನನ್ನ ಹತ್ತಿರ ಮಾತೇ ಆಡ್ತಿಲ್ಲ. ಇವರು ಬಾಯಿಬಿಟ್ಟು ಕೇಳಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತೆ. ನಾನು ಯಾವ ತಪ್ಪೂ ಮಾಡಿಲ್ಲ. – ಕುಂದಾಪುರ

ಉತ್ತರ: ತಪ್ಪು ಮಾಡಿಲ್ಲ ಅಂತ ನೀನು ಹೇಳಬೇಕಾಗಿಯೇ ಇಲ್ಲ ತಂಗಿ, ಆ ಚೀಟಿಯೇ ಹೇಳುತ್ತಿದೆ. ಓದುವ ಕ್ರಮ ಗೊತ್ತಿರಬೇಕು, ಅಷ್ಟೆ. ಈ ಉತ್ತರವನ್ನು ಮನೆಯಲ್ಲಿ ಎಲ್ಲರ ಎದುರು ಜೋರಾಗಿ ಓದು.

ನಾವು ಡಾಕ್ಟರುಗಳು ಬಸಿರಿನ ಲೆಕ್ಕವನ್ನು ಗಂಡ ಹೆಂಡತಿ ಸೇರಿದ ದಿನದಿಂದ ಹಾಕುವುದಿಲ್ಲ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಹಾಕುತ್ತೇವೆ. ಯಾಕೆಂದರೆ ಅಂಡಾಣು ಮತ್ತು ವೀರ್ಯಾಣು ಯಾವ ದಿನ ಸೇರಿದವು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಮುಟ್ಟಾದ ತಾರೀಖು ಬಹಳಷ್ಟು ಹೆಂಗಸರಿಗೆ ನೆನಪಿರುತ್ತದೆ. ಆ ತಾರೀಖಿಗೆ ಹೊಟ್ಟೆಯಲ್ಲಿ ಮಗು ಇರುವುದೇ ಇಲ್ಲ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡಾಣು ಹೊರಬರುವುದು ಹೆಚ್ಚುಕಮ್ಮಿ 14ನೇ ದಿನ. ಅಂದರೆ ಮೊದಲ ಎರಡು ವಾರ ಇರುವುದು ಕಾಗದದ ಮೇಲೆ ಮಾತ್ರ.

ಈಗ ನಿನ್ನ ತಾರೀಖುಗಳನ್ನೇ ನೋಡು. ಜುಲೈ 13ಕ್ಕೆ ಆರು ವಾರ ಅಂದರೆ ಮುಟ್ಟಾಗಿದ್ದು ಜೂನ್ 1ಕ್ಕೆ. ಅಂಡಾಣು ಹೊರಬಂದಿದ್ದು ಜೂನ್ 14 ಅಥವಾ 15ರ ಆಸುಪಾಸು. ಹೊರಬಂದ ಮೇಲೆ ಅದು ಬದುಕುವುದು ಸುಮಾರು ಒಂದು ದಿನ. ವೀರ್ಯಾಣು ಐದು ದಿನದವರೆಗೂ ಹೆಣ್ಣಿನ ದೇಹದೊಳಗೆ ಬದುಕಿರಬಲ್ಲದು. ನಿನ್ನ ಗಂಡ ಬಂದಿದ್ದು 13ಕ್ಕೆ. ಇದಕ್ಕಿಂತ ಸರಿಯಾಗಿ ಲೆಕ್ಕ ಕೂಡಲು ಸಾಧ್ಯವೇ ಇಲ್ಲ. ಚೀಟಿಯಲ್ಲಿ ಆರು ವಾರ ಅಂತ ಇದ್ದರೂ ಮಗುವಿನ ನಿಜವಾದ ವಯಸ್ಸು ನಾಲ್ಕು ವಾರ.

ತಾಯಿ ಕಾರ್ಡಿನಲ್ಲಿ ಬರೆಯುವ ಹೆರಿಗೆ ದಿನಾಂಕವೂ ಇದೇ ಲೆಕ್ಕದ್ದು. ಮುಟ್ಟಾದ ದಿನದಿಂದ 280 ದಿನ. ನಿನಗೆ ಮಾರ್ಚ್ 8 ಅಂತ ಬರುತ್ತದೆ. ಅದೇ ದಿನ ಹೆರುವವರು ಬಹಳ ಕಡಿಮೆ, ಹಿಂದೆ ಮುಂದೆ ಆಗುವುದೇ ಜಾಸ್ತಿ. ಆವಾಗ ಮತ್ತೆ ಯಾರೂ ಬೆರಳು ಮಡಚಿ ಎಣಿಸುತ್ತಾ ಕೂರಬಾರದು ಅಂತ ಈಗಲೇ ಹೇಳುತ್ತಿದ್ದೇನೆ.

ಇನ್ನು ನಿನ್ನ ಗಂಡನಿಗೆ ಒಂದು ಮಾತು. ಮನಸ್ಸಿನಲ್ಲೇ ಸಂಶಯ ಇಟ್ಟುಕೊಂಡು ಓಡಾಡಬೇಡಿ. ಮುಂದಿನ ಸಲ ಹೆಂಡತಿಯ ಜೊತೆ ಒಳಗೆ ಬಂದು ಕೂತು ಡಾಕ್ಟರನ್ನು ನೇರವಾಗಿ ಕೇಳಿ. ನಮ್ಮವರೂ ಚೀಟಿ ಬರೆಯುವಾಗ ಈ ಎರಡು ವಾರದ ವಿಷಯವನ್ನು ಬಾಯಿಬಿಟ್ಟು ಹೇಳಲೇಬೇಕು. ಹೇಳದೇ ಇರುವುದರಿಂದ ಎಷ್ಟೋ ಹೆಣ್ಣುಮಕ್ಕಳು ಸುಮ್ನೆ ಕಣ್ಣೀರು ಹಾಕುತ್ತಿದ್ದಾರೆ.

ಪ್ರಶ್ನೆ: ಮದುವೆಯಾಗಿ ಆರು ತಿಂಗಳಾಯಿತು, ಈಗ ಮಗು ಬೇಕು ಅಂದುಕೊಂಡಿದ್ದೇವೆ. ಫೋಲಿಕ್ ಆಸಿಡ್ ಮಾತ್ರೆ ಬಸಿರು ನಿಂತ ಮೇಲೆ ತಾನೇ ಶುರು ಮಾಡುವುದು? ಅಕ್ಕ ಈಗಲೇ ತಗೋ ಅಂತಾಳೆ. – ತುಮಕೂರು

ಉತ್ತರ: ಅಕ್ಕ ಹೇಳಿದ್ದೇ ಸರಿ, ಇವತ್ತಿಂದಲೇ ಶುರು ಮಾಡಮ್ಮ.

ಮಗುವಿನ ಮೆದುಳು ಮತ್ತು ಬೆನ್ನುಹುರಿ ಶುರುವಾಗುವುದು ಒಂದು ಚಪ್ಪಟೆ ಪದರದಿಂದ. ವೀಳ್ಯದೆಲೆಯ ಎರಡು ಅಂಚು ಮಡಚಿ ಸೇರಿಸಿದ ಹಾಗೆ ಆ ಪದರದ ಅಂಚುಗಳು ಮೇಲೆದ್ದು ಒಂದಕ್ಕೊಂದು ಕೂಡಿಕೊಂಡು ಕೊಳವೆಯಾಗುತ್ತದೆ. ಗರ್ಭ ಕಟ್ಟಿದ 28 ದಿನದೊಳಗೆ ಈ ಕೊಳವೆ ಪೂರ್ತಿ ಮುಚ್ಚಬೇಕು. ಮೇಲ್ಗಡೆ ಮುಚ್ಚದಿದ್ದರೆ ತಲೆಬುರುಡೆ ಮತ್ತು ಮೆದುಳು ಬೆಳೆಯುವುದಿಲ್ಲ, ಅಂಥ ಮಗು ಉಳಿಯುವುದಿಲ್ಲ. ಕೆಳಗಡೆ ಮುಚ್ಚದಿದ್ದರೆ ಬೆನ್ನಲ್ಲಿ ಗಂಟಿನ ಹಾಗೆ ಊದಿಕೊಂಡು ಹುಟ್ಟುತ್ತದೆ, ಕಾಲಿನ ಶಕ್ತಿ, ಮೂತ್ರದ ಹಿಡಿತ ಎರಡಕ್ಕೂ ತೊಂದರೆ. ಇದನ್ನು ತಡೆಯಲು ಬೇಕಾದ ಮುಖ್ಯ ಪದಾರ್ಥಗಳಲ್ಲಿ ಫೋಲಿಕ್ ಆಸಿಡ್ ಒಂದು.

ಈಗ ಮೇಲಿನ ಪತ್ರದ ಲೆಕ್ಕ ನೆನಪಿಸಿಕೋ. 28 ದಿನ ಅಂದರೆ ಚೀಟಿಯ ಪ್ರಕಾರ ಆರು ವಾರ. ನಮ್ಮಲ್ಲಿ ಮುಟ್ಟು ತಪ್ಪಿದ ಮೇಲೆ ಇನ್ನೊಂದು ವಾರ ನೋಡೋಣ ಅಂತ ಕಾಯುತ್ತಾರೆ, ಆಮೇಲೆ ಒಳ್ಳೆ ದಿನ ನೋಡಿ ಆಸ್ಪತ್ರೆಗೆ ಬರುವಷ್ಟರಲ್ಲಿ ಏಳೋ ಎಂಟೋ ವಾರ ಆಗಿರುತ್ತದೆ. ಅಷ್ಟೊತ್ತಿಗೆ ಕೊಳವೆ ಮುಚ್ಚುವುದಾದರೆ ಮುಚ್ಚಿ ಆಗಿರುತ್ತದೆ. ನಾನು ಆವತ್ತು ಬರೆದುಕೊಡುವ ಮಾತ್ರೆ ರಕ್ತಕ್ಕೆ ಒಳ್ಳೆಯದೇ, ಆದರೆ ಈ ಒಂದು ಕೆಲಸಕ್ಕೆ ತಡವಾಗಿ ಬಂತು. ನನಗೆ ತುಂಬಾ ಬೇಜಾರಾಗುವ ವಿಷಯ ಇದು. ಅಗ್ಗದ ಮಾತ್ರೆ, ಎಲ್ಲಾ ಕಡೆ ಸಿಗುತ್ತದೆ, ಆದರೂ ಬೇಕಾದ ಹೊತ್ತಿಗೆ ಹೊಟ್ಟೆಗೆ ಹೋಗಿರುವುದಿಲ್ಲ.

ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವ ಒಂದು ತಿಂಗಳು ಮೊದಲಿನಿಂದ ಹನ್ನೆರಡು ವಾರದವರೆಗೆ. ಮೊದಲ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಫಿಟ್ಸ್ ಮಾತ್ರೆ ತಗೊಳ್ಳುವವರಿಗೆ 5 ಮಿಲಿಗ್ರಾಂ ಬೇಕಾಗುತ್ತದೆ, ಅದನ್ನು ಡಾಕ್ಟರೇ ಬರೆಯಬೇಕು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮ್ಮೆ ಇಂಥ ಮಗು ಹುಟ್ಟಿದ್ದ ತಾಯಂದಿರಿಗೆ ಮೊದಲೇ ಫೋಲಿಕ್ ಆಸಿಡ್ ಕೊಟ್ಟಾಗ ಮತ್ತೆ ಅದೇ ತೊಂದರೆ ಬರುವುದು ನೂರಕ್ಕೆ ಎಪ್ಪತ್ತರಷ್ಟು ಕಡಿಮೆಯಾಯಿತು. ಇದರ ಕಥೆಯ ಮೊದಲ ಭಾಗ ನಮ್ಮ ದೇಶದ್ದೇ. ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ 1928ರಲ್ಲಿ ಬೊಂಬಾಯಿಗೆ ಬಂದು, ಬಟ್ಟೆ ಗಿರಣಿಯಲ್ಲಿ ದುಡಿಯುವ ಬಸುರಿಯರು ರಕ್ತಹೀನತೆಯಿಂದ ಸಾಯುವುದೇಕೆ ಅಂತ ಹುಡುಕಿದರು. ಈಸ್ಟ್‌ನ ಸಾರ ತಿನ್ನಿಸಿದಾಗ ಅವರು ಚೇತರಿಸಿಕೊಂಡರು. ಆ ಸಾರದಲ್ಲಿ ಇದ್ದದ್ದು ಫೋಲೇಟ್, ಅಂದರೆ ಫೋಲಿಕ್ ಆಸಿಡ್‌ನ ಸಹಜ ರೂಪ, ಅಂತ ಆಮೇಲೆ ತಿಳಿಯಿತು.

ಸೊಪ್ಪು, ಹೆಸರುಕಾಳು, ಕಡಲೆಯಲ್ಲೂ ಫೋಲೇಟ್ ಇದೆ, ತಿನ್ನು. ಆದರೆ ಬೇಯಿಸಿ ಬಸಿದಾಗ ಬಹಳಷ್ಟು ಹೋಗಿಬಿಡುತ್ತದೆ, ಹಾಗಾಗಿ ಮಾತ್ರೆ ಬಿಡಬೇಡ. ಇನ್ನೊಂದು ವಿಷಯ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಕಡೇಪಕ್ಷ ಒಂದು ತಿಂಗಳು ಕಳೆದ ಮೇಲೆಯೇ ಮಗುವಿನ ಯೋಚನೆ ಮಾಡಬೇಕು. ಅದು ಮಗುವಿನ ಅಂಗಾಂಗಗಳಿಗೆ ನಿಜಕ್ಕೂ ಅಪಾಯ. ಫಿಟ್ಸ್ ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಿ.

ಪ್ರಶ್ನೆ: 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ನನಗೆ ಏಳು ತಿಂಗಳು. ಮನೆಯವರು ಹೊಲದಿಂದ ತಡವಾಗಿ ಬಂದರು ಅಂತ ಈರುಳ್ಳಿ ಹೆಚ್ಚಿ ಒಗ್ಗರಣೆ ಹಾಕಿಕೊಟ್ಟೆ. ನವೆಂಬರಿನಲ್ಲಿ ಹುಟ್ಟಿದ ಮಗನಿಗೆ ಮೇಲ್ತುಟಿ ಸೀಳಿದೆ. ನೀನೇ ಕುಡಗೋಲು ಹಿಡಿದು ನನ್ನ ಮೊಮ್ಮಗನ ತುಟಿ ಸೀಳಿದೆ ಅಂತ ಅತ್ತಿ ದಿನಾ ಅಂತಾರ್ರಿ. – ಕೊಪ್ಪಳ

ಉತ್ತರ: ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು. ಮಗುವಿನ ಮುಖ ಒಂದೇ ಸಲಕ್ಕೆ ಆಗುವುದಿಲ್ಲ. ಎರಡು ಕಡೆಯಿಂದ ಎರಡು ಭಾಗ ಬೆಳೆದು ಬಂದು, ಮೂಗಿನ ಕೆಳಗೆ ನಡುವಿನ ಭಾಗಕ್ಕೆ ಸೇರಿಕೊಂಡು ಮೇಲ್ತುಟಿ ಆಗುತ್ತದೆ. ನಮ್ಮೆಲ್ಲರ ಮೂಗಿನ ಕೆಳಗಿರುವ ಆ ಸಣ್ಣ ತಗ್ಗಿನ ಎರಡು ಅಂಚುಗಳೇ ಅವು ಕೂಡಿದ ಜಾಗ. ಈ ಕೆಲಸ ತಾಯಿ ಕಾರ್ಡಿನ ಲೆಕ್ಕದಲ್ಲಿ ಸುಮಾರು ಒಂಬತ್ತು ವಾರಕ್ಕೆಲ್ಲ ಮುಗಿದುಹೋಗುತ್ತದೆ. ಮಗು ಆಗ ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದ ಇರುವುದಿಲ್ಲ. ನೀವು ಈರುಳ್ಳಿ ಹೆಚ್ಚಿದ ರಾತ್ರಿಗೆ ಹತ್ತಿರ ಹತ್ತಿರ ಐದು ತಿಂಗಳ ಮೊದಲೇ ನಿಮ್ಮ ಮಗನ ತುಟಿ ಹೀಗೆ ಅಂತ ಆಗಿಹೋಗಿತ್ತು. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ, ಕುಡಗೋಲಿಗೂ ಇಲ್ಲ.

ಕಾರಣ ಏನು ಅಂದರೆ, ಸ್ವಲ್ಪ ವಂಶವಾಹಿ, ಸ್ವಲ್ಪ ಬೇರೆ ಬೇರೆ ವಿಷಯ. ತಂಬಾಕು, ಕೆಲವು ಫಿಟ್ಸ್ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ಸಾಧ್ಯತೆ ಹೆಚ್ಚು. ಬಹಳ ಸಲ ಇದೇ ಕಾರಣ ಅಂತ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಯಾರ ತಪ್ಪೂ ಅಲ್ಲ ಅದು.

ಈಗ ಮಾಡಬೇಕಾದ್ದು ಮಗುವಿನ ಕೆಲಸ. ತುಟಿಯ ಆಪರೇಷನ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ, ಅಂಗುಳವೂ ಸೀಳಿದ್ದರೆ ಅದರದ್ದು ಒಂಬತ್ತು ತಿಂಗಳಿಂದ ಒಂದೂವರೆ ವರ್ಷದೊಳಗೆ. ಆರ್‌ಬಿಎಸ್‌ಕೆ ಅಂತ ಸರ್ಕಾರದ ಮಕ್ಕಳ ತಪಾಸಣೆ ಯೋಜನೆ ಇದೆ, ಸೀಳು ತುಟಿ ಅದರ ಪಟ್ಟಿಯಲ್ಲಿದೆ, ಚಿಕಿತ್ಸೆ ಉಚಿತ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಇನ್ನೂ ತೋರಿಸಿಲ್ಲ ಅಂದರೆ ಈ ವಾರವೇ ಜಿಲ್ಲಾಸ್ಪತ್ರೆಗೆ ಹೋಗಿ. ಹಾಲು ಕುಡಿಸುವಾಗ ಮಲಗಿಸಬೇಡಿ, ತಲೆ ಎತ್ತರದಲ್ಲಿರಲಿ, ಮಧ್ಯೆ ಮಧ್ಯೆ ತೇಗು ಬರಿಸಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ತುಟಿ ಯಾವಾಗ ಆಗುತ್ತದೆ ಅನ್ನುವುದನ್ನು ಡಾಕ್ಟರ ಬಾಯಿಂದ ಅವರು ಕೇಳಲಿ.

ಪ್ರಶ್ನೆ: ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಹೆಂಡತಿಗೆ ಈಗ ಎರಡು ತಿಂಗಳು. ಗಂಡು ಮಗು ಆಗಲು ಒಬ್ಬರು ನಾಟಿ ಔಷಧಿ ಕೊಡುತ್ತಾರಂತೆ. ಸ್ಕ್ಯಾನ್ ಮಾಡಿ ಹೇಳುವವರೂ ಇದ್ದಾರಂತೆ. ಅಮ್ಮನ ಒತ್ತಾಯ ಜಾಸ್ತಿ ಆಗಿದೆ. – ಮಂಡ್ಯ ಜಿಲ್ಲೆ

ಉತ್ತರ: ಎರಡೂ ಬೇಡ, ದಯವಿಟ್ಟು.

ಅಂಡಾಣುವಿನಲ್ಲಿ ಇರುವುದು ಎಕ್ಸ್ ಕ್ರೋಮೋಸೋಮ್ ಮಾತ್ರ. ವೀರ್ಯಾಣುವಿನಲ್ಲಿ ಎಕ್ಸ್ ಇರಬಹುದು, ವೈ ಇರಬಹುದು. ವೈ ಬಂದರೆ ಗಂಡು, ಎಕ್ಸ್ ಬಂದರೆ ಹೆಣ್ಣು. ಅವೆರಡೂ ಸೇರಿದ ಕ್ಷಣಕ್ಕೇ ಅದು ತೀರ್ಮಾನ ಆಗಿಹೋಯಿತು. ಅಂದರೆ ವ್ಯತ್ಯಾಸ ಬಂದಿದ್ದು ನಿಮ್ಮ ಕಡೆಯಿಂದ, ಹೆಂಡತಿಯಿಂದ ಅಲ್ಲ. ನೀವೂ ಬೇಕು ಅಂತ ಆರಿಸಿ ಕಳಿಸಿದ್ದಲ್ಲ. ಎರಡು ತಿಂಗಳ ಮೇಲೆ ಯಾವ ಔಷಧಿ ಕುಡಿಸಿದರೂ ಅದು ಬದಲಾಗುವುದಿಲ್ಲ. ಬದಲಿಗೆ ಇಂಥ ಪುಡಿಗಳಲ್ಲಿ ಹಾರ್ಮೋನಿನಂಥ ಪದಾರ್ಥಗಳು ಸಿಕ್ಕಿದ್ದುಂಟು, ಮಗುವಿನ ಅಂಗಗಳು ತಯಾರಾಗುತ್ತಿರುವ ಹೊತ್ತಿನಲ್ಲೇ ಅದನ್ನು ಕುಡಿಸುತ್ತಾರೆ.

ಸ್ಕ್ಯಾನ್ ವಿಷಯ ಗೊತ್ತಿರಲಿ. ಹುಟ್ಟುವ ಮೊದಲೇ ಮಗು ಗಂಡೋ ಹೆಣ್ಣೋ ಅಂತ ಪತ್ತೆ ಮಾಡುವುದನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಹೇಳುವ ಡಾಕ್ಟರಿಗೆ ಮಾತ್ರ ಅಲ್ಲ, ಕೇಳಿಕೊಂಡು ಹೋಗುವ ಗಂಡನಿಗೆ, ಮನೆಯವರಿಗೆ ಕೂಡ ಮೂರು ವರ್ಷದವರೆಗೆ ಜೈಲು, ದಂಡ ಇದೆ. 2023ರಲ್ಲಿ ನಿಮ್ಮ ಜಿಲ್ಲೆಯಲ್ಲೇ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡುತ್ತಿದ್ದದ್ದು ಪೊಲೀಸರಿಗೆ ಸಿಕ್ಕಿಬಿದ್ದಿದ್ದು ನೆನಪಿರಬೇಕಲ್ವಾ? ಅಂಥ ಕಡೆ ಹೆಂಡತಿಯನ್ನು ಕರೆದುಕೊಂಡು ಹೋಗುವುದು ಅವರ ಜೀವಕ್ಕೇ ಅಪಾಯ. ಅಮ್ಮನಿಗೆ ನೀವೇ ಹೇಳಿ. ಈ ಮಾತನ್ನು ಹೆಂಡತಿಯ ತಲೆಗೆ ಕಟ್ಟಬೇಡಿ.

ಪ್ರಶ್ನೆ: ಅಭಿಮನ್ಯು ಹೊಟ್ಟೆಯಲ್ಲೇ ಪದ್ಮವ್ಯೂಹ ಕಲಿತ ಹಾಗೆ ಮಗು ಒಳಗಿನಿಂದಲೇ ಕೇಳಿಸಿಕೊಳ್ಳುತ್ತದೆಯೇ? ಸೊಸೆಯ ಹೊಟ್ಟೆ ಮೇಲೆ ಹೆಡ್‌ಫೋನ್ ಇಟ್ಟು ಶ್ಲೋಕ ಕೇಳಿಸುತ್ತಿದ್ದೇವೆ. – ಮೈಸೂರು

ಉತ್ತರ: ಆರು ತಿಂಗಳ ಹೊತ್ತಿಗೆ ಕಿವಿ ಕೆಲಸ ಶುರು ಮಾಡುತ್ತದೆ ಅಮ್ಮ, ಕೇಳಿಸುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುವುದು ತಾಯಿಯ ದನಿ. ಹುಟ್ಟಿ ಮೂರು ದಿನವೂ ಆಗದ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಕೇಳಲು ಇಷ್ಟಪಡುತ್ತವೆ ಅಂತ 1980ರಲ್ಲೇ ಅಮೆರಿಕದಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಅರ್ಥ ಕಲಿಯುವುದಿಲ್ಲ, ದನಿ ಪರಿಚಯ ಆಗುತ್ತದೆ. ಹೆಡ್‌ಫೋನ್ ತೆಗೆದುಬಿಡಿ, ಅಷ್ಟು ಹತ್ತಿರದಿಂದ ಜೋರು ಶಬ್ದ ಬೇಡ. ಶ್ಲೋಕ ಸೊಸೆಗೆ ಇಷ್ಟ ಇದ್ದರೆ ಅವರೇ ಹೇಳಿಕೊಳ್ಳಲಿ, ಇಲ್ಲದಿದ್ದರೆ ಅವರ ಪಾಡಿಗೆ ಅವರು ಮಾತಾಡಿಕೊಂಡಿದ್ದರೂ ಸಾಕು.

ಪ್ರಶ್ನೆ: ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತಾ? ಪರಂಗಿ ಹಣ್ಣು ತಿನ್ನಬಹುದಾ? – ಶಿರಸಿ

ಉತ್ತರ: ಮೈಬಣ್ಣ ಅಪ್ಪ ಅಮ್ಮನ ವಂಶವಾಹಿಗಳಿಂದ ಬರುವುದು, ಕೇಸರಿಯಿಂದ ಅಲ್ಲ. ಆ ದುಡ್ಡಿಗೆ ಮೊಟ್ಟೆ ತಿನ್ನಿ, ಇಲ್ಲಾ ಬೇಳೆಕಾಳು ತನ್ನಿ. ಚೆನ್ನಾಗಿ ಹಣ್ಣಾದ ಪರಂಗಿ ಒಂದೆರಡು ಹೋಳು ತಿಂದರೆ ಏನೂ ಆಗುವುದಿಲ್ಲ, ಹಾಲು ಸೋರುವ ಕಾಯಿ ಬೇಡ. ಹಾಲು ಕುಡಿಯುವುದಾದರೆ ಕಬ್ಬಿಣದ ಮಾತ್ರೆಯನ್ನು ಅದರ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಮಾತು. ಎರಡು ಗಂಟೆ ಬಿಟ್ಟು ನಿಂಬೆ ಪಾನಕದ ಜೊತೆ ತಗೊಳ್ಳಿ.