ಕೂತರೆ ಉರಿ: ಒಬ್ಬ ಟೀಚರಿಗೆ ಉತ್ತರ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯಿಂದ ಒಬ್ಬ ಟೀಚರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮೂರು ವರ್ಷದಿಂದ ಅವರಿಗೆ ಕೂತರೆ ಸಾಕು, ಕೆಳಗೆ ಬಲಬದಿಯಲ್ಲಿ ಉರಿ ಶುರು. ನಿಂತರೆ ಕಡಿಮೆ. ರಾತ್ರಿ ನಿದ್ದೆಗೆ ತೊಂದರೆ ಇಲ್ಲ. ಮಂಗಳೂರಿನಲ್ಲಿ ಪುಡೆಂಡಲ್ ನರದ, ಅಂದರೆ ಜನನಾಂಗ ಮತ್ತು ಗುದದ ಸುತ್ತಲಿನ ಜಾಗದ ನರದ ನೋವು ಎಂದು ಹೇಳಿ, ನರದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರಂತೆ. ನಾಲ್ಕು ದಿನ ಆರಾಮ, ಐದನೇ ದಿನ ಮತ್ತೆ ಅದೇ ಉರಿ. ಈಗ ಆಪರೇಶನ್ ಮಾತು ಬಂದಿದೆ. "ಫಿಸಿಯೋಥೆರಪಿ ಆರು ಸಲ ಆಯಿತು, ಏನೂ ಪ್ರಯೋಜನ ಇಲ್ಲ. ಆಪರೇಶನ್ ಮಾಡಿಸಿಬಿಡಲಾ?" ಎಂದು ಕೇಳಿದ್ದಾರೆ.

ಟೀಚರೇ, ನಾನು ಡಾಕ್ಟರಲ್ಲ. ಆದರೆ ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ನಮ್ಮ ದೊಡ್ಡತ್ತೆ ನೆನಪಾದರು. ಮುಳ್ಳೇರಿಯದ ಹತ್ತಿರ ಅವರ ಮನೆ. ವರ್ಷದಲ್ಲಿ ತಿಂಗಳುಗಟ್ಟಲೆ ಕೂತು ಅಡಿಕೆ ಸುಲಿದವರು. ಐವತ್ತು ದಾಟಿದ ಮೇಲೆ ಕೂರುವುದನ್ನೇ ಬಿಟ್ಟರು. ಮದುವೆ ಮನೆಯಲ್ಲಿ ಎಲ್ಲರೂ ಪಂಕ್ತಿಯಲ್ಲಿ ಕೂತರೆ, ಇವರು ಒಳಗೆ ಕಂಬಕ್ಕೆ ಒರಗಿ ನಿಂತೇ ಉಣ್ಣುತ್ತಿದ್ದರು. ಜನ ಅದನ್ನು ಜಂಬ ಎಂದರು. ಮನೆಯಲ್ಲಿ ಹಳೇ ಸೀರೆಯನ್ನು ಹಗ್ಗದ ಹಾಗೆ ಹೊಸೆದು ಸುತ್ತಿ ಒಂದು ಸಿಂಬೆ ಮಾಡಿಕೊಂಡಿದ್ದರು. ಕೊಡಪಾನ ಇಡುವ ಸಿಂಬೆಯ ಹಾಗೇ, ಆದರೆ ಊಟದ ಬಟ್ಟಲಿನಷ್ಟು ಅಗಲ. ಅದರ ಮೇಲೆ ಮಾತ್ರ ಕೂರುತ್ತಿದ್ದರು. ಯಾಕೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ತೀರಿಹೋಗಿ ಎಷ್ಟೋ ವರ್ಷದ ಮೇಲೆ, ನಡುವೆ ತೂತಿರುವ ದಿಂಬೊಂದನ್ನು ಮೆಡಿಕಲ್ ಶಾಪಿನಲ್ಲಿ ನೋಡಿದೆ. ಅಲ್ಲೇ ನಿಂತು ಕಣ್ಣೀರು ಬಂತು.

ಅಂದಿನಿಂದ ಈ ನರದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಬೆನ್ನುಹುರಿಯ ಕೆಳತುದಿಯಿಂದ ಹೊರಟು, ಪೃಷ್ಠದೊಳಗೆ ಎರಡು ಗಟ್ಟಿ ಪಟ್ಟಿಗಳ ಸಂದಿಯಲ್ಲಿ ನುಸುಳಿ, ಆಮೇಲೆ ಒಂದು ಕಿರಿದಾದ ಕಾಲುವೆಯೊಳಗೆ ಹೋಗುತ್ತದೆ. ಐರ್ಲೆಂಡಿನ ಬೆಂಜಮಿನ್ ಆಲ್ಕಾಕ್ 1836ರಲ್ಲಿ ವಿವರಿಸಿದ ಕಾಲುವೆ ಅದು. ಸಂದಿಯಲ್ಲೋ ಕಾಲುವೆಯಲ್ಲೋ ನರ ಸಿಕ್ಕಿಕೊಂಡರೆ ಅಥವಾ ಸುತ್ತಲಿನ ಸ್ನಾಯು ಬಿಗಿದುಕೊಂಡರೆ ಈ ಉರಿ. 'ಪುಡೆಂಡಲ್' ಎಂಬ ಹೆಸರು ನಾಚಿಕೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ನರಕ್ಕೇ ನಾಚಿಕೆಯ ಹೆಸರಿಟ್ಟರೆ ನೋವನ್ನು ಬಾಯಿಬಿಟ್ಟು ಹೇಳುವವರು ಯಾರು?

ಆದರೆ ಹೇಳದೆ ಈ ಕಾಯಿಲೆ ಗೊತ್ತಾಗುವುದೇ ಇಲ್ಲ. ಫ್ರಾನ್ಸಿನ ನಾಂಟ್ ಊರಿನ ವೈದ್ಯರು ಮತ್ತು ಅವರ ಜೊತೆಗಾರರು 2008ರಲ್ಲಿ ಇದನ್ನು ಗುರುತಿಸಲು ಐದು ಲಕ್ಷಣ ಪ್ರಕಟಿಸಿದರು. ನೋವು ಆ ನರದ ಜಾಗದಲ್ಲೇ ಇರಬೇಕು, ಕೂತಾಗ ಜಾಸ್ತಿಯಾಗಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು, ಪರೀಕ್ಷೆ ಮಾಡಿದರೆ ಜೋಮು ಕಾಣಬಾರದು, ಇಂಜೆಕ್ಷನ್‌ಗೆ ನೋವು ತಗ್ಗಬೇಕು. ಇದರಲ್ಲಿ ಮೊದಲ ಮೂರು ರೋಗಿಯ ಬಾಯಿಂದಲೇ ಬರಬೇಕು. ಇದೇ ಕಾಯಿಲೆ ಎಂದು ಖಚಿತವಾಗಿ ಹೇಳುವ ಸ್ಕ್ಯಾನ್ ಯಾವುದೂ ಇಲ್ಲ. ಬೇರೆ ಗಡ್ಡೆ-ಗಿಡ್ಡೆ ಇಲ್ಲ ಎಂದು ನೋಡಲು ಎಂಆರ್‌ಐ ಬೇಕು, ಅಷ್ಟೇ.

ಆಪರೇಶನ್ ಸುಳ್ಳಲ್ಲ. ನಾಂಟ್‌ನಲ್ಲೇ 32 ಜನರ ಮೇಲೆ ಪ್ರಯೋಗ ನಡೆಸಿ 2005ರಲ್ಲಿ ಪ್ರಕಟಿಸಿದರು. ಅರ್ಧ ಜನಕ್ಕೆ ಆಪರೇಶನ್, ಅರ್ಧ ಜನಕ್ಕೆ ಇಲ್ಲ. ವರ್ಷದ ನಂತರ ಆಪರೇಶನ್ ಆದವರಲ್ಲಿ ನೂರಕ್ಕೆ 71ರಷ್ಟು ಜನ ಸುಧಾರಿಸಿದ್ದರು, ಉಳಿದವರಲ್ಲಿ ನೂರಕ್ಕೆ 13. ನಿಮ್ಮ ಹಾಗೆ ಇಂಜೆಕ್ಷನ್‌ಗೆ ನೋವು ತಗ್ಗಿದವರನ್ನೇ ಆರಿಸಿಕೊಂಡಿದ್ದರು ಎಂಬುದೂ ನಿಜ. ಬೇರೆಲ್ಲ ಮುಗಿದ ಮೇಲೆ ಕೆಲವರಿಗೆ ಅದೇ ದಾರಿ.

ನಿಮಗೆ ಬೇರೆಲ್ಲ ಮುಗಿದಿದೆಯೇ? ಇಲ್ಲ ಟೀಚರೇ. ನಿಮ್ಮ ಪತ್ರದ ಮೂರನೇ ಪುಟದಲ್ಲೇ ಇದೆ: "ಪೇಟೆಯ ಫಿಸಿಯೋದವರು ಮಲಯಾಳದಲ್ಲಿ ಕೇಳಿದರು, ಗಂಡಸು ಬೇರೆ, ನಾಚಿಕೆಯಾಗಿ ಬೆನ್ನು ನೋವು ಅಂದೆ." ಅವರು ಬೆನ್ನಿಗೆ ಕರೆಂಟಿನ ಪಟ್ಟಿ ಹಚ್ಚಿದರು. ಬೆನ್ನು ನೋವು ಅಂದರೆ ಬೆನ್ನಿಗೇ ಹಚ್ಚುತ್ತಾರಲ್ವಾ? ಆ ಆರು ಸಲವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಕ್ಕಳು ಲೆಕ್ಕ ತಪ್ಪಿದರೆ ಪ್ರಶ್ನೆ ಸರಿಯಾಗಿ ಓದು ಅನ್ನುವವರು ನೀವು.

ಇನ್ನೊಂದು, ಫೋನಿನಲ್ಲಿ ನೋಡಿ ಕೀಗಲ್ ವ್ಯಾಯಾಮ ಮಾಡಿದಿರಿ. ಅಮೆರಿಕದ ಡಾಕ್ಟರ್ ಆರ್ನಲ್ಡ್ ಕೀಗಲ್ 1948ರಲ್ಲಿ ಅದನ್ನು ಹೇಳಿಕೊಟ್ಟದ್ದು ಹೆರಿಗೆಯ ನಂತರ ಸಡಿಲಾದ ಸ್ನಾಯುಗಳಿಗೆ, ಮೂತ್ರ ಸೋರುವವರಿಗೆ. ಅದು ಬಿಗಿ ಮಾಡುವ ವ್ಯಾಯಾಮ. ಬಿಗಿದುಕೊಂಡು ನೋಯುವ ಕಡೆ ಇನ್ನಷ್ಟು ಬಿಗಿದರೆ ನೋವು ಹೆಚ್ಚಬಹುದು. ಮುಷ್ಟಿ ಕಟ್ಟಿ ಕೈ ನೋಯುತ್ತಿರುವವರಿಗೆ ಇನ್ನೂ ಜೋರಾಗಿ ಮುಷ್ಟಿ ಕಟ್ಟು ಅಂದ ಹಾಗೆ.

ನಿಮಗೆ ಬೇಕಾದದ್ದು ಪೆಲ್ವಿಕ್ ಫ್ಲೋರ್, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ ಚಿಕಿತ್ಸೆ ಕಲಿತ ಫಿಸಿಯೋ. ಹೆಂಗಸರೇ ಬೇಕು ಎಂದು ಕೇಳಿ, ಅದರಲ್ಲಿ ತಪ್ಪಿಲ್ಲ. ಅವರು ನಿಮ್ಮ ಒಪ್ಪಿಗೆ ಕೇಳಿ, ಗ್ಲೌಸ್ ಹಾಕಿದ ಬೆರಳಿನಿಂದ ಒಳಗಿನ ಸ್ನಾಯು ಮುಟ್ಟಿ ಎಲ್ಲಿ ಗಂಟು ಕಟ್ಟಿದೆ ಎಂದು ನೋಡುತ್ತಾರೆ. ನಿಧಾನಕ್ಕೆ ಒತ್ತಿ ಬಿಡಿಸುತ್ತಾರೆ. ಹೊಟ್ಟೆ ಉಬ್ಬುವ ಹಾಗೆ ಉಸಿರೆಳೆದು ಕೆಳಗಿನ ಸ್ನಾಯು ಬಿಡಲು ಕಲಿಸುತ್ತಾರೆ. ಮಲವಿಸರ್ಜನೆಗೆ ತಿಣುಕಬೇಡಿ, ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ ಅನ್ನುತ್ತಾರೆ. ಇದಕ್ಕೆ ವಾರವಲ್ಲ, ತಿಂಗಳುಗಳು ಬೇಕು. ಮೂತ್ರಕೋಶದ ನೋವಿರುವ 81 ಹೆಂಗಸರ ಮೇಲೆ ಅಮೆರಿಕದವರು ಮಾಡಿದ ಪ್ರಯೋಗವೊಂದಿದೆ. ಈ ರೀತಿ ಸ್ನಾಯು ಬಿಡಿಸಿದವರಲ್ಲಿ ನೂರಕ್ಕೆ 59 ಜನಕ್ಕೆ ಗುಣ ಕಂಡಿತು, ಸುಮ್ನೆ ಮೈಗೆಲ್ಲ ಮಸಾಜ್ ಮಾಡಿದವರಲ್ಲಿ 26 ಜನಕ್ಕೆ. ನಿಮ್ಮದೇ ಕಾಯಿಲೆ ಅಲ್ಲ, ಪಕ್ಕದ ಮನೆಯದ್ದು. ಆದರೂ ಎಲ್ಲಿ ಕೈ ಇಡುತ್ತಾರೆ ಎಂಬುದು ಎಷ್ಟು ಮುಖ್ಯ, ನೋಡಿ. ಆಪರೇಶನ್‌ನಲ್ಲಿ ನರದ ಮೇಲಿನ ಪಟ್ಟಿ ಕತ್ತರಿಸಿ ದಾರಿ ಬಿಡಿಸುತ್ತಾರೆ. ಬಿಗಿದ ಸ್ನಾಯು ಅದರಿಂದ ತಾನಾಗಿ ಸಡಿಲವಾಗುವುದಿಲ್ಲ. ಆಪರೇಶನ್ ಆದರೂ ಸಾಮಾನ್ಯವಾಗಿ ಕೊನೆಗೆ ಫಿಸಿಯೋ ಹತ್ತಿರ ಹೋಗಬೇಕಾಗುತ್ತದೆ, ಗುಣ ಕಾಣಲೂ ತಿಂಗಳುಗಟ್ಟಲೆ ಕಾಯಬೇಕು.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಅಂಥ ಫಿಸಿಯೋ ನಮಗೆಲ್ಲಿ ಸಿಗುತ್ತಾರೆ? 1956ರ ನವೆಂಬರ್ 1ರಂದು ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು. ಅಂದಿನಿಂದ ದೊಡ್ಡ ಕಾಯಿಲೆ ಬಂದರೆ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುವುದೇ ನಮ್ಮ ಪಾಡು. 2013ರಲ್ಲಿ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದಾಗ ಎಷ್ಟು ಖುಷಿಪಟ್ಟಿದ್ದೆವು! ಇವತ್ತಿಗೂ ನಾವು ಮಂಗಳೂರು ಬಸ್ಸಿನಲ್ಲೇ ಇದ್ದೇವೆ. 2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ಕರ್ನಾಟಕದವರು ಗಡಿಯ ರಸ್ತೆಗೆ ಮಣ್ಣು ಸುರಿದಾಗ ಅದೂ ನಿಂತಿತು. ಕೂರಲು ಆಗದವರು ಕಾಸರಗೋಡಿನಿಂದ ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕೂತು ಹೋಗಬೇಕು, ಕೂರಲು ಆಗುವುದಿಲ್ಲ ಎಂದು ಹೇಳಲಿಕ್ಕೆ.

ಭಾಷೆಯ ಮಾತು ಎತ್ತಿದರೆ ಬೋರ್ಡಿನ ಜಗಳ, ಪರೀಕ್ಷೆ ಪೇಪರಿನ ಜಗಳ ಎಂದುಕೊಳ್ಳುತ್ತಾರೆ. ಚುಚ್ಚಿದ ಹಾಗೋ, ಸೆಳೆದ ಹಾಗೋ, ಮೆಣಸು ಹಚ್ಚಿದ ಹಾಗೋ ಎಂದು ಒಬ್ಬ ಹೆಂಗಸು ತನ್ನ ಮಾತಿನಲ್ಲಿ ಹೇಳಿದರೆ ಮಾತ್ರ ಗೊತ್ತಾಗುವ ಕಾಯಿಲೆ ಇದು. ಆಸ್ಪತ್ರೆಯಲ್ಲಿ ಒಪಿ ಚೀಟಿ ಕೊಡುವ ಕಿಟಕಿಯ ಆಚೆ ಕನ್ನಡವೋ ತುಳುವೋ ಬಲ್ಲ ಒಬ್ಬ ನರ್ಸಮ್ಮ ಕೂತಿದ್ದರೆ ನಮ್ಮ ಅತ್ತೆ ಸಿಂಬೆ ಹೊಸೆಯಬೇಕಾಗಿರಲಿಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದು ನಾವು ಕೇಳುವ ಪಟ್ಟಿಯಲ್ಲಿ ಇದೂ ಇರಬೇಕು.

ಸದ್ಯಕ್ಕೆ ಇಷ್ಟು ಮಾಡಿ. ಆಪರೇಶನ್ ಹೇಳಿದ ಡಾಕ್ಟರ ಹತ್ತಿರವೇ ಪೆಲ್ವಿಕ್ ಫ್ಲೋರ್ ಫಿಸಿಯೋಗೆ ಚೀಟಿ ಕೇಳಿ. ಎಷ್ಟು ತಿಂಗಳು ನೋಡಬೇಕು, ಯಾವಾಗ ಆಪರೇಶನ್ ಯೋಚಿಸಬೇಕು ಎಂದು ಅವರ ಬಾಯಿಂದಲೇ ಕೇಳಿಕೊಳ್ಳಿ. ಮೂತ್ರದ ಹಿಡಿತ ತಪ್ಪಿದರೆ, ಕೆಳಗೆ ಜೋಮು ಬಂದರೆ, ಕಾಲು ಸೋತರೆ ಒಂದು ದಿನವೂ ಕಾಯಬೇಡಿ. ನಡುವೆ ತೂತಿರುವ ದಿಂಬು ತರಿಸಿ, ಶಾಲೆಗೂ ಒಯ್ಯಿರಿ. ಕೇಳಿದವರಿಗೆ ಹೇಳಿ.

ನಿಮ್ಮ ಪತ್ರದ ಎರಡನೇ ಪುಟದಲ್ಲಿ ನೋವು ಎಲ್ಲಿ, ಯಾವಾಗ, ಹೇಗೆ ಎಂದು ಎಷ್ಟು ಚೆನ್ನಾಗಿ ಬರೆದಿದ್ದೀರಿ! ಅದರ ಜೆರಾಕ್ಸ್ ಎರಡು ಪ್ರತಿ ಮಾಡಿಸಿ ಈ ಸಂಚಿಕೆಯ ಜೊತೆ ಅಂಚೆಗೆ ಹಾಕಿದ್ದೇನೆ. ಒಂದು ಡಾಕ್ಟರಿಗೆ, ಒಂದು ಫಿಸಿಯೋಗೆ.