ಕ್ಯಾರಿಯರ್ ಇಲ್ಲದ ಸೈಕಲ್ ಕೊಳ್ಳಬೇಡಿ

ಓದುಗರ ಕಾಗದ: ನನಗೆ 46 ವರ್ಷ. ಮನೆ ರಾಜಾಜಿನಗರ, ಕಚೇರಿ ರಿಚ್‌ಮಂಡ್ ವೃತ್ತದ ಹತ್ತಿರ. ಎಂಟು ಕಿಲೋಮೀಟರ್‌ಗೆ ಎರಡು ಬಸ್ ಬದಲಿಸಿ ಸಾಕಾಗಿದೆ, ಸೈಕಲ್ಲಿನಲ್ಲಿ ಹೋಗೋಣವೆಂದು ಮನಸ್ಸು. ಅಂಗಡಿಯವರು 32 ಸಾವಿರದ ಗೇರ್ ಸೈಕಲ್ ತೋರಿಸಿದರು. ಮೈದುನ ಮಾತ್ರ ‘ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಿ ಅತ್ತಿಗೆ, ಬೆವರು, ದಿಣ್ಣೆ ಯಾವ ಗೋಳೂ ಇರಲ್ಲ’ ಎನ್ನುತ್ತಾರೆ. ಮಗ ನಗುತ್ತಾನೆ. ಈ ವಯಸ್ಸಿನಲ್ಲಿ ಸೈಕಲ್ ತುಳಿದರೆ ಜನ ಏನಂದುಕೊಳ್ಳುತ್ತಾರೋ. ಕೊಳ್ಳಲೋ ಬೇಡವೋ? ಸೆಕೆಂಡ್ ಹ್ಯಾಂಡ್ ಸಿಕ್ಕರೆ ತೆಗೆದುಕೊಳ್ಳಬಹುದೇ?

ಸಂಪಾದಕರ ಉತ್ತರ: ಮೊದಲು ನಿಮ್ಮ ಮೈದುನನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಕಚೇರಿ ಇಪ್ಪತ್ತು ಕಿಲೋಮೀಟರ್ ದೂರವಿದ್ದರೆ, ಮಂಡಿ ನೋವಿದ್ದರೆ, ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗಬೇಕಿದ್ದರೆ ಅವರ ಮಾತೇ ಸರಿ. ನಿಮ್ಮದು ಎಂಟೇ ಕಿಲೋಮೀಟರ್. ವಾಹನ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ ಕಾರು 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕು. ಆ ಲೆಕ್ಕದಲ್ಲಿ ನಿಮ್ಮ ಕಚೇರಿಗೆ 27 ನಿಮಿಷ. ಅವಸರವಿಲ್ಲದೆ ತುಳಿದರೂ ಸೈಕಲ್, ಸಿಗ್ನಲ್ಲು ಸೇರಿಸಿ, ಗಂಟೆಗೆ 14 ಕಿ.ಮೀ. ಹೋಗುತ್ತದೆ, ಅಂದರೆ 34 ನಿಮಿಷ. ಏಳು ನಿಮಿಷದ ವ್ಯತ್ಯಾಸ. ಅದೂ ಇಡೀ ದಿನದ ಸರಾಸರಿಗೆ. ಬೆಳಗಿನ ಒಂಬತ್ತು ಗಂಟೆಗೆ ಕಾರು ನಿಂತಲ್ಲೇ ನಿಂತಿರುತ್ತದೆ.

ಇನ್ನು ನೀವು ‘ಜನ ಏನಂದುಕೊಳ್ಳುತ್ತಾರೋ’ ಎಂದು ಬರೆದದ್ದು. ನಿಮ್ಮಂಥವರಿಂದ ಈ ಮಾತು ಬರಬಾರದಿತ್ತು. ಬೆಳಗ್ಗೆ ಐದಕ್ಕೆ ನಿಮ್ಮ ಬಾಗಿಲಿಗೆ ಪೇಪರ್ ಬರುವುದು ಸೈಕಲ್ಲಿನ ಮೇಲೆ. ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು ಮನೆಗೆ ಹೋಗುವುದು ಸೈಕಲ್ಲಿನ ಮೇಲೆ. ನಡುರಾತ್ರಿ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರದ್ದೂ ಅದೇ ವಾಹನ. 2011ರ ಜನಗಣತಿಯಲ್ಲಿ ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರ ಪೈಕಿ ದೇಶದಲ್ಲಿ ನೂರಕ್ಕೆ ಸುಮಾರು 13 ಮಂದಿ ಸೈಕಲ್ಲಿನವರು. ಕಾರಿನವರು ಮೂರಕ್ಕೂ ಕಡಿಮೆ. ಆದರೆ ನಮ್ಮಲ್ಲಿ ಸೈಕಲ್ ಎಂದರೆ ಭಾನುವಾರ ಬೆಳಗ್ಗೆ ಬಿಗಿ ಬಟ್ಟೆ ತೊಟ್ಟು ನಂದಿಬೆಟ್ಟ ಹತ್ತುವ ವ್ಯಾಯಾಮ ಎಂದಾಗಿದೆ. ಅವರ ಮೇಲೆ ನನಗೇನೂ ಕೋಪವಿಲ್ಲ. ಅಂಗಡಿಯವರು ಅವರೊಬ್ಬರನ್ನೇ ಗಿರಾಕಿ ಎಂದುಕೊಂಡಿದ್ದಾರಲ್ಲ, ಅದು ಕೋಪ.

ನಿಮಗೆ ತೋರಿಸಿದ 32 ಸಾವಿರದ ಸೈಕಲ್ಲಿಗೆ ಮುಂದೆ ಸಸ್ಪೆನ್ಷನ್, ಎರಡಂಗುಲ ದಪ್ಪದ ಗಂಟುಗಂಟು ಟೈರು, ಡಿಸ್ಕ್ ಬ್ರೇಕು, ಮುಂದೆ ಮೂರು ಹಿಂದೆ ಏಳರಂತೆ 21 ಗೇರು ಇದ್ದಿರಬೇಕು. ಮಡ್‌ಗಾರ್ಡ್, ಕ್ಯಾರಿಯರ್, ಚೈನ್ ಕವರ್ ಇದ್ದಿರಲಾರವು. ಆ ಬಗೆಯ ಅಗ್ಗದ ಸಸ್ಪೆನ್ಷನ್ ಎರಡು ಕಿಲೋಗೂ ಹೆಚ್ಚು ತೂಗುತ್ತದೆ, ದಿಣ್ಣೆಯಲ್ಲಿ ಎದ್ದು ನಿಂತು ತುಳಿದಾಗಲೆಲ್ಲ ಕುಣಿದು ನಿಮ್ಮ ಶ್ರಮ ನುಂಗುತ್ತದೆ, ಮಳೆಯಲ್ಲಿ ನೆನೆದು ನೆನೆದು ಕೊನೆಗೆ ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ. ನೀವು ಕೇಳಬೇಕಾದ್ದು ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವೆ), ನಡುವೆ ಅಡ್ಡ ಬಾರ್ ಇಲ್ಲದ ಫ್ರೇಮ್, 35ರಿಂದ 40 ಮಿಲಿಮೀಟರ್ ಅಗಲದ ನುಣುಪು ಟೈರು. ಗೇರು ಹಿಂದೆ ಏಳಿದ್ದರೆ ಧಾರಾಳವಾಯಿತು. ಮುಂದಿನ ಹಲ್ಲುಚಕ್ರದಲ್ಲಿ 38 ಹಲ್ಲು, ಹಿಂದಿನ ಅತಿ ದೊಡ್ಡದರಲ್ಲಿ 28 ಹಲ್ಲು ಇದ್ದರೆ ನಿಮ್ಮ ದಾರಿಯ ಏರುಗಳನ್ನು ಕೂತೇ ಹತ್ತಬಹುದು. ಬ್ರೇಕು ರಿಮ್ಮಿಗೆ ಒತ್ತುವ ರಬ್ಬರ್ ಕಟ್ಟೆಯದೇ ಇರಲಿ. ಸವೆದರೆ ಮೂಲೆಯ ಸೈಕಲ್ ಶಾಪಿನಲ್ಲೂ ಸಿಗುತ್ತದೆ.

ದುಡ್ಡು ಕೊಡುವ ಮುಂಚೆ ಬಗ್ಗಿ ಹಿಂದಿನ ಚಕ್ರದ ಆಕ್ಸಲ್ ಹತ್ತಿರ ನೋಡಿ. ಫ್ರೇಮಿನ ಎರಡೂ ಬದಿಗೆ ಸ್ಕ್ರೂ ಹಾಕುವ ಸಣ್ಣ ತೂತು ಇರಬೇಕು. ಕ್ಯಾರಿಯರಿನ ಕಾಲುಗಳು ಅಲ್ಲಿ ಕೂರುತ್ತವೆ, ಭಾರ ನೇರ ಆಕ್ಸಲ್ಲಿಗೆ ಇಳಿಯುತ್ತದೆ. ತೂತಿಲ್ಲದ ಸೈಕಲ್ಲಿಗೆ ಅಂಗಡಿಯವರು ಸೀಟಿನ ಪೈಪಿಗೆ ಕಚ್ಚಿಸುವ ಕ್ಯಾರಿಯರ್ ಕೊಡುತ್ತಾರೆ. ಊಟದ ಡಬ್ಬಿ, ನೀರು, ಬಟ್ಟೆ ಸೇರಿ ಏಳೆಂಟು ಕಿಲೋ ಆದರೆ ಸಾಕು, ಪ್ರತಿ ರೋಡ್ ಹಂಪಿಗೂ ಅದು ಒಂದಿಷ್ಟು ವಾಲುತ್ತ ಕೊನೆಗೆ ಟೈರಿಗೆ ಉಜ್ಜುತ್ತದೆ. ಕ್ಯಾರಿಯರಿಗೆ ನಾನು ಇಷ್ಟು ಜೋತುಬೀಳುವುದಕ್ಕೆ ಕಾರಣವಿದೆ. ಬೆವರಿನ ದೂರು ಹೇಳುವವರಲ್ಲಿ ಬಹಳ ಮಂದಿ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡವರು. ಬೆನ್ನಿಗೆ ಗಾಳಿ ಆಡದೆ ಅಂಗಿ ಅಲ್ಲೇ ಒದ್ದೆಯಾಗುತ್ತದೆ. ಬ್ಯಾಗು ಕ್ಯಾರಿಯರ್ ಮೇಲೆ ಹೋಯಿತೆಂದರೆ ಬೆವರಿನ ಗೋಳು ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ. ಉಳಿದದ್ದಕ್ಕೆ ಕೊನೆಯ ಒಂದು ಕಿಲೋಮೀಟರನ್ನು ಹಗುರ ಗೇರಿನಲ್ಲಿ ನಿಧಾನ ತುಳಿಯಿರಿ, ಕಾಲು ಗಂಟೆ ಮೊದಲೇ ತಲುಪಿ ಫ್ಯಾನ್ ಕೆಳಗೆ ಕೂತು ಮೈ ಆರಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಉಡುಪು ಬದಲಿಸಿ. ಬಂದ ತಕ್ಷಣ ಬದಲಿಸಿದರೆ ಹೊಸ ಬಟ್ಟೆಯೂ ಬೆವರುತ್ತದೆ, ತಪ್ಪುವುದು ಇಲ್ಲೇ. ಸೋಮವಾರ ಬಸ್ಸಿನಲ್ಲಿ ಹೋಗಿ ವಾರದ ಬಟ್ಟೆ ಕಚೇರಿಯಲ್ಲಿಟ್ಟು ಬರುವ ಜಾಣರೂ ಇದ್ದಾರೆ.

ಚೂಡಿದಾರವಾದರೆ ಚೈನ್ ಕವರ್ ಇರಲೇಬೇಕು. ವೇಲನ್ನು ಹಿಂದೆ ಇಳಿಬಿಡದೆ ಸೊಂಟಕ್ಕೆ ಸುತ್ತಿ ಗಂಟು ಹಾಕಿ. ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಬರುತ್ತದೆ. ಸೀಟಿನ ಎತ್ತರ ಹೀಗೆ ನೋಡಿಕೊಳ್ಳಿ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಮಡಿಚಿರುತ್ತದೆ. ಕೂತಲ್ಲಿಂದಲೇ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕೆಂದು ಸೀಟು ಇಳಿಸುತ್ತಾರೆ, ತಿಂಗಳೊಳಗೆ ಮಂಡಿ ಹಿಡಿಯಿತೆನ್ನುತ್ತಾರೆ, ತಪ್ಪು ಸೈಕಲ್ಲಿನ ತಲೆಗೆ ಕಟ್ಟುತ್ತಾರೆ.

ಗಾಳಿಯ ಬಗ್ಗೆ ಎರಡು ಮಾತು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯರಾಗಿದ್ದ ಡನ್ಲಪ್ ಅವರು ಮಗನ ಮೂರು ಚಕ್ರದ ಸೈಕಲ್ಲಿಗೆಂದು ಗಾಳಿ ತುಂಬಿದ ಟೈರು ಮಾಡಿ 1888ರಲ್ಲಿ ಪೇಟೆಂಟ್ ಪಡೆದರು. ಅಷ್ಟು ಕಷ್ಟಪಟ್ಟು ತುಂಬಿಸಿಕೊಟ್ಟ ಗಾಳಿಯನ್ನು ನಾವು ತಿಂಗಳುಗಟ್ಟಲೆ ನೋಡುವುದೇ ಇಲ್ಲ. ಟೈರಿನ ಬದಿಯಲ್ಲಿ ಗಾಳಿಯ ಒತ್ತಡದ ಕನಿಷ್ಠ ಗರಿಷ್ಠ ಎರಡೂ ಪಿಎಸ್‌ಐ ಅಳತೆಯಲ್ಲಿ ಅಚ್ಚಾಗಿರುತ್ತದೆ; 38 ಮಿ.ಮೀ. ಟೈರಿಗೆ 50ರಿಂದ 60 ಪಿಎಸ್‌ಐ ಹಿತ, ಹಿಂದಿನದಕ್ಕೆ ಐದು ಹೆಚ್ಚು. ವಾರಕ್ಕೊಮ್ಮೆ ಹೊಡೆಯಿರಿ. ಗಾಳಿ ಕಡಿಮೆಯಾದರೆ ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತದೆ. ಪಂಚರ್ ತೆಗೆದಾಗ ಜೋಡಿ ತೂತು ಕಂಡರೆ ಮುಳ್ಳು ಹುಡುಕಬೇಡಿ, ಗಾಳಿ ಹೊಡೆಯಿರಿ. ಒಂದೇ ತೂತಿದ್ದರೆ ಟೈರಿನ ಒಳಗೆಲ್ಲ ಬೆರಳಾಡಿಸಿ. ಲಾರಿ ಟೈರು ಸಿಡಿದು ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ ಕಣ್ಣಿಗೆ ಕಾಣದು, ಅದನ್ನು ಕೀಳದೆ ಪ್ಯಾಚ್ ಹಾಕಿದರೆ ಮರುದಿನ ಅದೇ ಜಾಗದಲ್ಲಿ ಪಂಚರ್. ಪ್ಯಾಚ್ ಬಿಟ್ಟುಕೊಳ್ಳುವುದು ಅವಸರಕ್ಕೆ: ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಹೊಳಪು ಹೋಗುವ ತನಕ ನಾಲ್ಕೈದು ನಿಮಿಷ ಬಿಡಬೇಕು. ಹಸಿಯಾಗಿದ್ದಾಗಲೇ ಅಂಟಿಸಿದರೆ ನಿಲ್ಲುವುದಿಲ್ಲ. ಹಳೆಯ ವಾಲ್‌ಟ್ಯೂಬಿನ (ವಾಲ್ವಿಗೆ ಸಣ್ಣ ರಬ್ಬರ್ ನಳಿಗೆ ಹಾಕುವ) ಸೈಕಲ್ಲಿಗೆ ಪೆಟ್ರೋಲ್ ಬಂಕಿನ ಗಾಳಿ ಹಿಡಿಯದು; ಕಾರಿನಂಥ ದಪ್ಪ ವಾಲ್ವ್ ಇದ್ದರೆ ಹಿಡಿಯುತ್ತದೆ.

ಮಳೆಗಾಲದಲ್ಲಿ ಚೈನಿಗೆ ಕೊಬ್ಬರಿ ಎಣ್ಣೆ ಬೇಡ, ಬರಬರುತ್ತ ಅಂಟಾಗುತ್ತದೆ. ಗಾಡಿಯ ಎಂಜಿನ್ ಆಯಿಲ್ ಧೂಳನ್ನೆಲ್ಲ ಹೀರುತ್ತದೆ. ಚೈನ್ ಎಣ್ಣೆಯನ್ನೇ ತಂದು, ಕೊಳೆ ಒರೆಸಿ, ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನದ್ದನ್ನು ಪೂರ್ತಿ ಒರೆಸಿಬಿಡಿ. ಎಣ್ಣೆ ಇರಬೇಕಾದ್ದು ಒಳಗೆ. ಚೈನ್ ಸವೆತಕ್ಕೆ ಮಕ್ಕಳ ಸ್ಕೇಲು ಸಾಕು: ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ 12 ಅಂಗುಲ. ಅದು ಅಂಗುಲದ ಹದಿನಾರನೇ ಒಂದು ಪಾಲು ಉದ್ದವಾಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಪಾಲಿನ ತನಕ ಕಾದರೆ ಹಿಂದಿನ ಹಲ್ಲುಚಕ್ರವೂ ಸವೆದು ಖರ್ಚು ಎರಡಾಗುತ್ತದೆ.

ರಸ್ತೆಯಲ್ಲಿ ನಿಮ್ಮ ಜಾಗ ಚರಂಡಿಯ ಅಂಚಲ್ಲ. ಅಂಚಿನಿಂದ ಒಂದು ಮೀಟರ್ ಒಳಗಿರಿ; ಅಂಚಿಗೆ ಒತ್ತಿಕೊಂಡಷ್ಟೂ ಹಿಂದಿನವರು ಅದೇ ಲೇನಿನಲ್ಲಿ ನುಸುಳಲು ನೋಡುತ್ತಾರೆ, ನಿಮಗೆ ಗುಂಡಿ ತಪ್ಪಿಸಲು ಜಾಗವಿರುವುದಿಲ್ಲ. ನಿಂತ ಕಾರಿನ ಬಾಗಿಲು ತೆರೆದರೂ ತಾಗದಷ್ಟು ದೂರ ಬಿಡಿ. ನಿಲ್ದಾಣದಲ್ಲಿ ನಿಂತ ಬಿಎಂಟಿಸಿ ಬಸ್ಸಿನ ಎಡಕ್ಕೆ ಎಂದೂ ನುಗ್ಗಬೇಡಿ, ಇಳಿಯುವವರ ಕಾಲು ನಿಮ್ಮ ಚಕ್ರದ ಮುಂದೆಯೇ ಇಳಿಯುತ್ತದೆ. ಸಿಗ್ನಲ್ಲಿನಲ್ಲಿ ಬಸ್ ಲಾರಿಗಳ ಪಕ್ಕ ನಿಲ್ಲದೆ ಡ್ರೈವರಿಗೆ ಕಾಣುವಂತೆ ಮುಂದೆ ನಿಲ್ಲಿ, ಇಲ್ಲವೇ ಹಿಂದೆಯೇ ಉಳಿಯಿರಿ. ಒದ್ದೆ ಮ್ಯಾನ್‌ಹೋಲ್ ಮುಚ್ಚಳ, ಜೀಬ್ರಾದ ಬಿಳಿ ಬಣ್ಣ ಜಾರುತ್ತವೆ. ಅವುಗಳ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ. ತಳ ಕಾಣದ ನೀರಿಗೆ ಸೈಕಲ್ ಇಳಿಸಬೇಡಿ. ಮೇಲ್ಸೇತುವೆ ಬಿಟ್ಟು ಕೆಳಗಿನ ರಸ್ತೆ ಹಿಡಿಯಿರಿ.

ಇಷ್ಟೆಲ್ಲ ಎಚ್ಚರ ತುಳಿಯುವವರ ತಲೆಗೇ ಯಾಕೆ ಎಂದು ನೀವು ಕೇಳಬೇಕು, ಕೇಳಿಲ್ಲ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಥಕ್ಕೆ ನಿಯಮ ಬರೆದಿಟ್ಟಿತು. ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನ ಓಡುವ ರಸ್ತೆಯಲ್ಲಿ ಗಂಟೆಗೆ 100 ಸೈಕಲ್ ಇದ್ದರೂ ಪ್ರತ್ಯೇಕ ಪಥ ಸಮರ್ಥನೀಯ ಎಂದಿತು. ಇಂದು ಬೆಂಗಳೂರಿನ ಯಾವ ದೊಡ್ಡ ರಸ್ತೆಯಲ್ಲಿ 200 ವಾಹನ ದಾಟುವುದಿಲ್ಲ? ಆದರೆ ನೂರು ಸೈಕಲ್ ತೋರಿಸಿ ಎಂದರೆ ಎಲ್ಲಿಂದ ತರುವುದು, ಪಥವಿಲ್ಲವೆಂದು ಹೆದರಿದವರೆಲ್ಲ ಸ್ಕೂಟರ್ ಕೊಂಡಾಯಿತು. ನೀರಿಗಿಳಿಯುವ ಮುಂಚೆ ಈಜು ಕಲಿತು ಬಾ ಎಂದ ಹಾಗೆ. ಜಯನಗರದಲ್ಲಿ ಬಳಿದ ಪಥ ಕಾರು ನಿಲ್ಲಿಸುವ ಜಾಗವಾಯಿತು. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಮಾಡಿದ ಪಥದ ಕಂಬಗಳು ಮುರಿದುಹೋದವು. ನೆದರ್‌ಲ್ಯಾಂಡ್ಸಿನ ಮಾತೆತ್ತಿದರೆ ‘ಅಲ್ಲಿಯವರ ಸಂಸ್ಕೃತಿಯೇ ಬೇರೆ’ ಎನ್ನುತ್ತಾರೆ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,300 ಮಂದಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಯರು ಬೀದಿಗಿಳಿದು ರಸ್ತೆ ತಡೆದ ಮೇಲೆ ಅಲ್ಲಿನ ಸರ್ಕಾರಕ್ಕೆ ಬುದ್ಧಿ ಬಂತು.

ತೆರಿಗೆಯ ಕಥೆ ಇನ್ನೂ ಚೆನ್ನ. 2019ರ ಆಗಸ್ಟಿನಿಂದ ಎಲೆಕ್ಟ್ರಿಕ್ ವಾಹನಕ್ಕೆ ಜಿಎಸ್‌ಟಿ ಶೇ 5. ಪೇಪರ್ ಹಾಕುವ ಹುಡುಗನ ಸೈಕಲ್ಲಿಗೆ ಆಗ ಶೇ 12 ಇತ್ತು! ಐವತ್ತು ಲಕ್ಷದ ಎಲೆಕ್ಟ್ರಿಕ್ ಕಾರಿಗೆ ಸಿಕ್ಕ ರಿಯಾಯಿತಿ ಹೊಗೆಯೂ ಇಲ್ಲದ ಬ್ಯಾಟರಿಯೂ ಇಲ್ಲದ ಗಾಡಿಗೆ ಸಿಗಲು 2025ರ ಸೆಪ್ಟೆಂಬರ್ ಬರಬೇಕಾಯಿತು. ಸರ್ಕಾರವನ್ನು ಒಂದು ವಿಷಯಕ್ಕೆ ಹೊಗಳಬೇಕು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದರಲ್ಲ, ಆ ಸೈಕಲ್ಲುಗಳಿಗೆ ಮಡ್‌ಗಾರ್ಡೂ ಇತ್ತು, ಕ್ಯಾರಿಯರೂ ಇತ್ತು. ಗಾಜಿನ ಶೋರೂಮಿನವರಿಗೆ ಹೊಳೆಯದ್ದು ಸರ್ಕಾರಿ ಟೆಂಡರ್ ಬರೆದವರಿಗೆ ಹೊಳೆದಿತ್ತು.

ಕಚೇರಿಯಲ್ಲಿ ಒಂದು ಜಗಳ ಕಾದಿದೆ, ಈಗಲೇ ಸಿದ್ಧವಾಗಿರಿ. ನೆಲಮಾಳಿಗೆ ತುಂಬ ಕಾರಿಗೆ ಜಾಗವಿರುತ್ತದೆ, ಸೈಕಲ್ ಕಂಡರೆ ಗೇಟಿನವರು ಆಚೆ ನಿಲ್ಲಿಸಿ ಎನ್ನುತ್ತಾರೆ. ಗೇಟಿನವರೊಡನೆ ವಾದಿಸಿ ಪ್ರಯೋಜನವಿಲ್ಲ, ಅವರದ್ದೂ ಸೈಕಲ್ಲೇ ಇದ್ದೀತು. ಆಡಳಿತ ವಿಭಾಗಕ್ಕೆ ಕಾಗದ ಬರೆಯಿರಿ: ಒಂದು ಕಾರಿನ ಜಾಗದಲ್ಲಿ ಏಳೆಂಟು ಸೈಕಲ್ ನಿಲ್ಲುತ್ತವೆ, ಬೇಕಾದ್ದು ಗೋಡೆಗೊಂದು ಕಬ್ಬಿಣದ ಪೈಪು. ಬೀಗ ಹಾಕುವಾಗ ಫ್ರೇಮು, ಹಿಂದಿನ ಚಕ್ರ, ಪೈಪು ಮೂರೂ ಸೇರಬೇಕು. ಮುಂದಿನ ಚಕ್ರಕ್ಕಷ್ಟೇ ಹಾಕಿದವರಿಗೆ ಸಂಜೆ ಆ ಚಕ್ರವಷ್ಟೇ ಉಳಿದಿರುತ್ತದೆ.

ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ತೆಗೆದುಕೊಳ್ಳಿ, ನಿಮ್ಮ ಕೆಲಸಕ್ಕೆ 32 ಸಾವಿರ ದಂಡ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಎಂದರೆ ಅಲ್ಲಿನ ಬಾಲ್ಸ್ ಸಡಿಲ, ಅದು ಸಣ್ಣ ರಿಪೇರಿ. ಪೆಡಲಿನ ತೋಳು ಹಿಡಿದು ಪಕ್ಕಕ್ಕೆ ಎಳೆಯಿರಿ, ಆಡಿದರೆ ನಡುವಿನ ಆಕ್ಸಲ್ ಹೋಗಿದೆ, ಬೆಲೆ ಇಳಿಸಿ ಕೇಳಿ. ಚಕ್ರ ತಿರುಗಿಸಿದಾಗ ರಿಮ್ ಅತ್ತಿತ್ತ ಓಲಾಡಿದರೆ ಕಡ್ಡಿ ಬಿಗಿದು ಬೆಂಡ್ ತೆಗೆಯಬಹುದು. ಹ್ಯಾಂಡಲ್ ಕೆಳಗಿನ ವೆಲ್ಡಿಂಗ್ ಸುತ್ತ ಬಣ್ಣ ಎಳೆಯಾಗಿ ಬಿರಿದಿದ್ದರೆ ಮಾತ್ರ ಅಲ್ಲಿಗೇ ಬಿಡಿ, ಫ್ರೇಮ್ ಸೀಳಿದೆ. ಕೊನೆಗೆ ಸೈಕಲ್ ತಿರುಗಿಸಿ ಇಟ್ಟು ಪೆಡಲಿನ ಆಕ್ಸಲ್ ಇರುವ ದಪ್ಪ ಪೈಪಿನ ಅಡಿ ನೋಡಿ. ಫ್ರೇಮ್ ನಂಬರ್ ಸಾಮಾನ್ಯವಾಗಿ ಅಲ್ಲಿ ಒತ್ತಿರುತ್ತದೆ, ಬಿಲ್ಲಿನದಕ್ಕೆ ತಾಳೆ ಆಗಬೇಕು. ನಂಬರನ್ನು ಅರದಿಂದ ಉಜ್ಜಿ ಅಳಿಸಿದ್ದರೆ ಕದ್ದ ಮಾಲು, ಪುಕ್ಕಟೆ ಕೊಟ್ಟರೂ ಬೇಡ.

— ಸಂ.